ಯಾಚನೆ, ಚರ್ಯೆ ಮತ್ತು ಬೀದಿಯ ಹಾಡು

ದಾನವು ಶ್ರಾವಕನ ನಿತ್ಯ ಷಟ್ಕರ್ಮಗಳಲ್ಲಿ ಒಂದು. ಆದರೆ ಬಾಗಿಲಿಗೆ ಬರುವವರೆಲ್ಲರೂ ಒಂದೇ ಬಗೆಯವರಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಬೀದಿಗಳಲ್ಲಿ ಸಂಕ್ರಾಂತಿಯ ಸುಮಾರಿಗೆ ಓಲಗದ ದನಿಯೊಡನೆ ಕೋಲೆ ಬಸವ ಬರುವುದುಂಟು. ಶ್ರಾವಣ ಶನಿವಾರಗಳಲ್ಲಿ ಶಂಖ ಜಾಗಟೆಗಳ ದಾಸಯ್ಯ ಬರುವುದುಂಟು. ಇದೇ ನಗರದ ಶ್ರಾವಕರ ಮನೆಗಳ ಮುಂದೆ, ವಿಹಾರಕ್ರಮದಲ್ಲಿ ಬಂದ ದಿಗಂಬರ ಮುನಿಗಳು ಆಹಾರಚರ್ಯೆಗೆ ಮೌನವಾಗಿ ನಡೆದು ಹೋಗುತ್ತಾರೆ. ನೋಡುವವರ ಕಣ್ಣಿಗೆ ಎಲ್ಲವೂ ಭಿಕ್ಷೆಯೇ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ವಿಚಾರಾರ್ಹ.

ಮುನಿಗಳ ಚರ್ಯೆಯಲ್ಲಿ ಯಾಚನೆ ಎಂಬುದೇ ಇಲ್ಲ. ಇಪ್ಪತ್ತೆರಡು ಪರೀಷಹಗಳಲ್ಲಿ ಯಾಚನಾ ಪರೀಷಹವೂ ಒಂದು. ಹಸಿವಿನಿಂದ ದೇಹ ಬಳಲಿದರೂ ಬಾಯಿಂದಾಗಲಿ, ಮುಖದ ದೈನ್ಯದಿಂದಾಗಲಿ ಬೇಡದಿರುವುದೇ ಅದರ ಜಯ. ಅದರ ಬೆನ್ನಿಗೇ ಅಲಾಭ ಪರೀಷಹವಿದೆ. ಮನಸ್ಸಿನಲ್ಲಿ ಧರಿಸಿದ ವಿಧಿ ದೊರೆಯದಿದ್ದರೆ ಅಂದು ಉಪವಾಸ. ಗೋಚರೀ, ಭ್ರಾಮರೀ, ಅಕ್ಷಮ್ರಕ್ಷಣ, ಉದರಾಗ್ನಿಪ್ರಶಮನ, ಶ್ವಭ್ರಪೂರಣ ಎಂಬ ಐದು ವೃತ್ತಿಗಳನ್ನು ಆಚಾರ್ಯರು ಹೇಳಿದ್ದಾರೆ. ಹೂವಿಗೆ ನೋವಾಗದಂತೆ ದುಂಬಿ ಮಕರಂದವನ್ನು ಸ್ವೀಕರಿಸುವಂತೆ ದಾತಾರನಿಗೆ ಬಾಧೆಯಾಗದಿರಬೇಕೆಂಬುದು ಭ್ರಾಮರೀ ವೃತ್ತಿಯ ತಾತ್ಪರ್ಯ. ಹದಿನಾರನೆಯ ಶತಮಾನದಲ್ಲಿ ಸಂಪತ್ತನ್ನು ತ್ಯಜಿಸಿ ತಂಬೂರಿ ಹಿಡಿದ ಪುರಂದರದಾಸರ ಬದುಕನ್ನು ಮಧುಕರ ವೃತ್ತಿಯೆಂದೇ ಕರೆದ ಕನ್ನಡ ಜನತೆಗೆ ಈ ಉಪಮೆ ಅಪರಿಚಿತವಲ್ಲ.

ಇನ್ನು ಕನ್ನಡ ನಾಡಿನ ಜನಪದ ಭಿಕ್ಷಾಪರಂಪರೆಯನ್ನು ನೋಡೋಣ. ಮಲೆಯ ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ಮಹಾಕಾವ್ಯಗಳನ್ನು ಹಾಡಿದರು. ಮೈಲಾರಲಿಂಗನ ಗೊರವರು ಡಮರುಗದೊಡನೆ ಕುಣಿದರು. ಕಿನ್ನರಿ ಜೋಗಿಗಳು ಕಿನ್ನರಿ ನುಡಿಸುತ್ತ ಅರ್ಜುನ ಜೋಗಿಯ ಕಥೆಯನ್ನು ಊರೂರಿಗೆ ಒಯ್ದರು. ಇವರಲ್ಲಿ ದೀಕ್ಷೆ ಪಡೆದವನಿಗೆ ಭಿಕ್ಷೆಯು ದೈವಕ್ಕೆ ಸಲ್ಲಿಸುವ ವ್ರತ. ಬಳ್ಳಾರಿಯ ಬುರ್ರಕಥಾ ಈರಮ್ಮನವರು ೨೦೧೪ರಲ್ಲಿ ನಿಧನರಾಗುವವರೆಗೂ ಅನೇಕ ದೀರ್ಘ ಕಾವ್ಯಗಳನ್ನು ಕಂಠದಲ್ಲಿಯೇ ಉಳಿಸಿಕೊಂಡಿದ್ದರು. ಮನೆಮನೆಯ ಹಿಡಿ ಧಾನ್ಯದಿಂದ ಬದುಕಿದ ಇಂಥ ಸಮುದಾಯಗಳು ಕಾಯ್ದುಕೊಂಡ ಸಾಹಿತ್ಯವನ್ನು ಇಂದು ವಿಶ್ವವಿದ್ಯಾಲಯಗಳು ಗ್ರಂಥಗಳಾಗಿ ಮುದ್ರಿಸುತ್ತಿವೆ.

ವಟ್ಟಕೇರಾಚಾರ್ಯರ ಮೂಲಾಚಾರವು ಆಹಾರಕ್ಕೆ ಸಂಬಂಧಿಸಿದಂತೆ ಹದಿನಾರು ಉತ್ಪಾದನ ದೋಷಗಳನ್ನು ಎಣಿಸುತ್ತದೆ. ನಿಮಿತ್ತ ಹೇಳಿ ಆಹಾರ ಪಡೆಯುವುದು ದೋಷ. ದಾತಾರನನ್ನು ಮೊದಲೇ ಹೊಗಳುವುದು ಪೂರ್ವಸ್ತುತಿ ದೋಷ, ಉಂಡ ಬಳಿಕ ಹೊಗಳುವುದು ಪಶ್ಚಾತ್‌ಸ್ತುತಿ ದೋಷ. ಬೆಳಗಿನ ಜಾವ ಹಾಲಕ್ಕಿಯ ಶಕುನ ಹೇಳುವ ಬುಡುಬುಡಿಕೆಯವನೂ, ಮನೆತನದ ವಂಶಾವಳಿಯನ್ನು ಒಪ್ಪಿಸುವ ಹೆಳವನೂ ಮಾಡುವುದು ಇದನ್ನೇ ಅಲ್ಲವೇ? ಹಾಗೆಂದು ಅವರನ್ನು ದೋಷಿಗಳೆನ್ನುವುದು ಅವಿವೇಕ. ಮೂಲಾಚಾರವು ಬರೆದಿರುವುದು ಮಹಾವ್ರತಿಗಳಿಗಾಗಿ. ಮಡದಿ ಮಕ್ಕಳನ್ನು ಸಾಕಬೇಕಾದ ಗೃಹಸ್ಥ ಕಲಾವಿದನಿಗೆ ಹಾಡೇ ಹೊಲ, ಮಾತೇ ನೇಗಿಲು. ಅವನು ಪಡೆಯುವ ಮೊರದ ಅಕ್ಕಿಯು ದುಡಿಮೆಗೆ ಸಂದ ಸಂಭಾವನೆ.

ಈ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಚೀನಾದಲ್ಲಿ ಉಳದೆ, ನೇಯದೆ ಉಣ್ಣುವವರೆಂದು ಬೌದ್ಧ ಭಿಕ್ಷುಗಳನ್ನು ಆಕ್ಷೇಪಿಸಿದವರಿದ್ದರು. ಬೈಝಾಂಗ್ ಹುಆಯ್‌ಹಾಯ್ (೭೨೦–೮೧೪) ಎಂಬ ಗುರುವು ಭಿಕ್ಷುಗಳೂ ಹೊಲದಲ್ಲಿ ದುಡಿಯಬೇಕೆಂಬ ನಿಯಮವನ್ನು ತಂದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಉಳುಮೆಯಲ್ಲಿ ಆರಂಭಹಿಂಸೆಯನ್ನು ಕಾಣುವ ನಮ್ಮ ಮುನಿಗಳಿಗೆ ಆ ದಾರಿ ಸಲ್ಲದು. ಅಲ್ಲಿಯೇ ಬೌದ್ಧ ಧರ್ಮಗೀತೆಗಳಿಂದ ಮೂಡಿದ ‘ಲಿಯೆನ್‌ಹುವಾಲವೊ’ ಎಂಬ ಹಾಡಿನ ಪ್ರಕಾರವು ಮುಂದೆ ಬಿದಿರಿನ ತಾಳ ಹಿಡಿದ ಬೀದಿಯ ಭಿಕ್ಷುಕರ ಹಾಡಾಯಿತು.

ಹಾಗಿದ್ದರೂ ಪರಂಪರೆಯೆಂಬ ಕಾರಣಕ್ಕೆ ಎಲ್ಲವನ್ನೂ ಒಪ್ಪಲಾಗದು. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಜೋಗತಿಯರನ್ನಾಗಿಸಿದ ಪದ್ಧತಿಯು ಅವರ ಬಾಳನ್ನೇ ಕಸಿದುಕೊಂಡಿತು. ೧೯೮೨ರಲ್ಲಿ ಕರ್ನಾಟಕ ಶಾಸನವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಕರಡಿ ಕುಣಿಸುವ ವೃತ್ತಿಯಲ್ಲಿ ಮೂಕಪ್ರಾಣಿಯ ಮೂತಿಗೆ ದಾರ ಪೋಣಿಸುತ್ತಿದ್ದರು. ೨೦೦೯ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯು ಬನ್ನೇರುಘಟ್ಟದ ರಕ್ಷಣಾಕೇಂದ್ರ ಸೇರಿತು. ಸ್ವಂತ ಇಚ್ಛೆಯಿಂದ ಧರಿಸಿದ್ದು ವ್ರತ. ಮತ್ತೊಂದು ಜೀವದ ಮೇಲೆ ಹೇರಿದ್ದು ಹಿಂಸೆ.

ಶಾಸನದ ದೃಷ್ಟಿಯೂ ಗಮನಾರ್ಹ. ೧೯೭೫ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮವು ಹಾಡು, ಕುಣಿತ, ಭವಿಷ್ಯಕಥನಗಳ ನೆಪದಲ್ಲಿ ಬೇಡುವುದನ್ನೂ ಭಿಕ್ಷಾಟನೆಯೆಂದೇ ಎಣಿಸಿತು. ಧಾರ್ಮಿಕ ವ್ರತದ ಪೂರೈಕೆಗಾಗಿ, ಪರರಿಗೆ ಉಪದ್ರವವಾಗದಂತೆ ಭಿಕ್ಷೆ ಪಡೆಯುವವರಿಗೆ ವಿನಾಯಿತಿಯನ್ನೂ ನೀಡಿತು. ಆದರೆ ವ್ರತಿ ಯಾರು, ಭಿಕ್ಷುಕ ಯಾರು ಎಂಬ ನಿರ್ಣಯವು ಬೀದಿಯಲ್ಲಿ ಹಿಡಿಯುವವನ ಕೈಯಲ್ಲಿ ಉಳಿಯಿತು. ೨೦೧೦ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕ ನಿವಾಸಿಗಳು ಮರಣ ಹೊಂದಿದರು. ಜನ್ನನ ಯಶೋಧರ ಚರಿತೆಯಲ್ಲಿ ಭಿಕ್ಷೆಗೆ ಹೊರಟ ಅಭಯರುಚಿ, ಅಭಯಮತಿಯರನ್ನು ಹಿಡಿದೊಯ್ದು ಮಾರಿಯ ಬಲಿಪೀಠದ ಮುಂದೆ ನಿಲ್ಲಿಸಿದ ಪ್ರಸಂಗ ಇಲ್ಲಿ ನೆನಪಾಗದಿರದು. ಕೈಯಲ್ಲಿ ಏನೂ ಇಲ್ಲದೆ ಬೀದಿಗಿಳಿದವನು ಎಲ್ಲ ಕಾಲದಲ್ಲಿಯೂ ಅರಕ್ಷಿತನೇ.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ದಾನಗಳನ್ನು ನಿರೂಪಿಸಿದ್ದಾರೆ. ಮುನಿಗಳಿಗೆ ಸಲ್ಲುವುದು ಪಾತ್ರದತ್ತಿ. ಅದಕ್ಕೆ ನವಧಾ ಭಕ್ತಿ ಬೇಕು. ದೀನರಿಗೆ ಸಲ್ಲುವುದು ದಯಾದತ್ತಿ. ಅದರಲ್ಲಿ ಮತ, ಕುಲಗಳ ವಿಚಾರಣೆಯಿಲ್ಲ, ಅಭಯವೇ ಅದರ ಸಾರ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಪಾತ್ರದತ್ತಿಗೆ ತೋರುವ ಶ್ರದ್ಧೆಯ ಒಂದಂಶವನ್ನಾದರೂ ದಯಾದತ್ತಿಗೆ ತೋರಬೇಕು. ಪೂಜಾ ಮಹೋತ್ಸವದ ದಿನ ದ್ವಾರದಲ್ಲಿ ನಿಂತ ಜೋಗಿಯನ್ನು ಗದರಿಸಿ ಅಟ್ಟುವ ಬದಲು ಅವನ ಹಾಡನ್ನು ಕೇಳಿ, ಕುಳ್ಳಿರಿಸಿ ಉಣಬಡಿಸಲಿ. ಅವನ ಮಕ್ಕಳ ಶಾಲೆಯ ವೆಚ್ಚಕ್ಕೆ ನೆರವಾದರೆ ಅದು ಶಾಸ್ತ್ರದಾನದ ಭಾವಕ್ಕೆ ಸಮೀಪವಾದದ್ದು. ಕೋಲೆ ಬಸವನ ಮೈಮೇಲೆ ಪೆಟ್ಟಿನ ಗುರುತು ಕಂಡರೆ ಒಡೆಯನಿಗೆ ಮೃದುವಾಗಿ ಬುದ್ಧಿ ಹೇಳಿ, ಪಶುವಿಗೆ ಮೇವು ನೀರು ನೀಡಲಿ.

ಬೇಡದೆ ನಡೆದುಹೋಗುವ ಮುನಿಗೆ ಕೈಮುಗಿಯುವುದು ನಮಗೆ ತಿಳಿದಿದೆ. ಬೇಡಲೇಬೇಕಾದವನ ಮಾನವನ್ನು ಕಾಯುವುದನ್ನೂ ಕಲಿತರೆ ನಮ್ಮ ದಾನವು ಪರಿಪೂರ್ಣವಾದೀತು.