ಬಾಗಿಲ ಮೇಲಿನ ಬರಹ: ವದಂತಿಯ ನಕಲು ಮತ್ತು ನಡತೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಕರ್ನಾಟಕದ ಬೇರೆ ಊರುಗಳಿಗೂ ಹಬ್ಬಿತು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವರು ಸಾಯುತ್ತಾರೆ, ಬರಹ ಕಂಡರೆ ಅದು ಹಿಂದಿರುಗುತ್ತದೆ ಎಂಬುದು ವದಂತಿ. ಮರುದಿನವೂ ಬಾಗಿಲ ಮೇಲೆ ಅದೇ ಮಾತು ಇರುವುದರಿಂದ ಈ ರಕ್ಷಣೆಗೆ ಕೊನೆಯ ದಿನವೆಂಬುದೇ ಇಲ್ಲ.

ಸಂಸ್ಕೃತಿಯ ತುಣುಕುಗಳೂ ಜೀನ್‌ಗಳ ಹಾಗೆ ನಕಲಾಗುತ್ತ ಹರಡುತ್ತವೆ ಎಂದು ರಿಚರ್ಡ್ ಡಾಕಿನ್ಸ್ 1976ರಲ್ಲಿ ‘ದಿ ಸೆಲ್ಫಿಶ್ ಜೀನ್’ ಕೃತಿಯಲ್ಲಿ ವಾದಿಸಿ, ಅವನ್ನು ಮೀಮ್ ಎಂದು ಕರೆದರು. ಬಾಳಿಕೆ, ಫಲವಂತಿಕೆ, ನಕಲಿನ ನಿಖರತೆ ಅವರ ಅಳತೆಗೋಲು. ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್ ಒಪ್ಪಲಿಲ್ಲ: ಮನಸ್ಸು ಕೇಳಿದ್ದನ್ನು ನಕಲು ಮಾಡುವುದಿಲ್ಲ, ತನ್ನ ರೀತಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ ಎಂದರು. ‘ನಾಳೆ ಬಾ’ ಪ್ರಸಂಗಕ್ಕೆ ಇಬ್ಬರೂ ಬೇಕು ಎಂಬುದು ನನ್ನ ನಿಲುವು. ಕಥೆ ಬಾಯಿಂದ ಬಾಯಿಗೆ ರೂಪ ಬದಲಿಸಿತು. ಒಬ್ಬರಿಗೆ ಆ ದೆವ್ವ ಮಾಟಗಾತಿ, ಇನ್ನೊಬ್ಬರಿಗೆ ಗಂಡನನ್ನು ಅರಸುವ ಮದುವಣಗಿತ್ತಿ. ಎರಡು ಪದಗಳ ಬರಹ ಮಾತ್ರ ಕದಲಲಿಲ್ಲ.

ಬರೆಯಲು ನಂಬಿಕೆ ಬೇಕಿರಲಿಲ್ಲ, ಸೀಮೆಸುಣ್ಣದ ತುಂಡು ಸಾಕಿತ್ತು. ಬರೆಯದೆ ಬಿಟ್ಟು ಏನಾದರೂ ಆದರೆ ಎಂಬ ಅಳುಕೇ ಕೈಯನ್ನು ನಡೆಸಬಲ್ಲದು. ಹಾಗೆ ಅರೆಮನಸ್ಸಿನಿಂದ ಬರೆದ ಬಾಗಿಲೂ ದಾರಿಹೋಕರಿಗೆ ಪೂರ್ಣ ನಂಬಿಕೆಯ ಸಾಕ್ಷಿಯಾಗಿಯೇ ಕಾಣುತ್ತದೆ. ಇಲ್ಲಿ ನಡತೆಯೇ ನಂಬಿಕೆಯನ್ನು ಹೊತ್ತು ಸಾಗಿಸಿತು.

ಮಕ್ಕಳ ಕಳ್ಳರು ಬಂದಿದ್ದಾರೆಂದು 2018ರಲ್ಲಿ ಹಬ್ಬಿದ ವದಂತಿಯಲ್ಲಿ, ಕಥೆ ಬದಲಾಗಿ ನಡತೆ ಸ್ಥಿರವಾಗಿದ್ದ ಈ ಏರ್ಪಾಡು ತಿರುವುಮುರುವಾಯಿತು. ವಾಟ್ಸ್ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಿದ ವಿಡಿಯೊ ಚೂರೂ ಮಾಸದೆ ನಕಲಾಗುತ್ತದೆ. ಆಗ ಹರಿದಾಡಿದ ಒಂದು ತುಣುಕು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಾದದ್ದು. ಎತ್ತಿಕೊಂಡು ಹೋದ ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಸಂದೇಶ ಸ್ಥಿರ, ಆದರೆ ಪರಿಹಾರ ಹೇಳಿರಲಿಲ್ಲ. ಆ ಖಾಲಿ ಜಾಗವನ್ನು ಗುಂಪು ತುಂಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರು ಹೊಡೆತಕ್ಕೆ ಸಿಕ್ಕಿ ಸತ್ತರು. ಹೈದರಾಬಾದಿನಿಂದ ಬಂದವರು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಬೀದರ್‌ನಲ್ಲಿ ಸಂಶಯಕ್ಕೆ ಸಾಕಾಯಿತು.

ಎರಡೂ ವದಂತಿಗಳ ಬೇರು ಒಂದೇ, ಮನೆಯವರಿಗೆ ಹೊರಗಿನಿಂದ ಬರುವ ಅಪಾಯದ ಭಯ. ಒಂದು ಭಯ ತನ್ನ ಕೆಲಸವನ್ನು ಬಾಗಿಲಿನಲ್ಲೇ ಮುಗಿಸಿತು, ಇನ್ನೊಂದು ಅಪರಿಚಿತನ ಮೈಮೇಲೆ ಎರಗಿತು. ಮೀಮ್ ಅಧ್ಯಯನಗಳು ಹರಡುವ ವೇಗಕ್ಕೆ ಕೊಟ್ಟಷ್ಟು ಗಮನವನ್ನು ಈ ವ್ಯತ್ಯಾಸಕ್ಕೂ ಕೊಡಬೇಕು. 2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳಿಸುವ ಮಿತಿ ಘೋಷಿಸಿತು. ಅದು ನಕಲಿನ ಸಂಖ್ಯೆಗೆ ಹಾಕಿದ ಕಡಿವಾಣ. ಸಂದೇಶ ನೋಡಿದವರು ಮುಂದೇನು ಮಾಡಬೇಕೆಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ.