ಶಿಶುಶಿಕ್ಷಣದಲ್ಲಿ ಯೋಜನಾಪದ್ಧತಿ

ಪಾಠಶಾಲೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸಾಲುಗೊಂಡ ಬೆಂಚುಗಳು. ಅವುಗಳ ಮೇಲೆ ಕೈಕಟ್ಟಿ ಕುಳಿತ ಮಕ್ಕಳು. 1890ರ ದಶಕದಲ್ಲಿ ಅಮೆರಿಕದ ಷಿಕಾಗೋ ನಗರದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಮಕ್ಕಳಿಗೆ ತಕ್ಕ ಮೇಜುಗಳನ್ನು ಅರಸುತ್ತ ಅಂಗಡಿಗಳನ್ನು ಅಲೆದರು. ಕಡೆಗೆ ವಿವೇಕಿಯಾದ ಒಬ್ಬ ವರ್ತಕನು, ಅವರಿಗೆ ಬೇಕಾದುದು ಕೆಲಸ ಮಾಡುವ ಮೇಜೆಂದೂ ತನ್ನಲ್ಲಿದ್ದುವೆಲ್ಲ ಪಾಠ ಕೇಳುವ ಮೇಜುಗಳೆಂದೂ ತಿಳಿಸಿದನಂತೆ. ಆ ಪ್ರಾಧ್ಯಾಪಕರೇ ಜಾನ್ ಡ್ಯೂಯಿ.

ಅವರು 1896ನೆಯ ಜನವರಿಯಲ್ಲಿ, ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, ಹದಿನಾರು ಮಕ್ಕಳೊಡನೆ ಒಂದು ಪ್ರಯೋಗಶಾಲೆಯನ್ನು ತೆರೆದರು. ಮುಂದೆ ಅಲ್ಲಿಗೆ ನಾಲ್ಕೈದು ವರ್ಷದ ಶಿಶುಗಳೂ ಬಂದರು. ಅವರ ಪಾಠವು ಮನೆಯ ಕೆಲಸಗಳಿಂದಲೇ ಮೊದಲಾಯಿತು. ಆರು ವರ್ಷದವರು ಮರದ ತುಂಡುಗಳಿಂದ ಒಕ್ಕಲುಮನೆಯನ್ನೂ ಕೊಟ್ಟಿಗೆಯನ್ನೂ ಕಟ್ಟಿದರು. ಕಟ್ಟುವಾಗ ಅಳತೆ ಬೇಕಾಯಿತು. ಅಳತೆಯೊಡನೆ ಗಣಿತವು ಬಂದಿತು.

ಇನ್ನೊಂದು ಗುಂಪಿನ ಮಕ್ಕಳಿಗೆ ಉಣ್ಣೆಯನ್ನೂ ಬಿಡಿಸದ ಹತ್ತಿಯನ್ನೂ ಕೊಟ್ಟರು. ಅರ್ಧ ಗಂಟೆ ಶ್ರಮಪಟ್ಟು ಬೀಜ ಬೇರ್ಪಡಿಸಿದರೂ ದೊರೆತ ಅರಳೆ ಒಂದು ಔನ್ಸಿಗೂ ಕಡಮೆ. ಹತ್ತಿಯ ಎಳೆ ಗಿಡ್ಡ, ನುಣುಪು. ಉಣ್ಣೆಯ ಎಳೆ ಉದ್ದ, ಒರಟು. ತಮ್ಮ ಪೂರ್ವಿಕರು ಹತ್ತಿಯ ಬಟ್ಟೆಗೆ ಬದಲಾಗಿ ಉಣ್ಣೆಯನ್ನೇ ಏಕೆ ಉಡುತ್ತಿದ್ದರೆಂಬುದು ಆ ಮಕ್ಕಳಿಗೆ ಬೆರಳಿನಿಂದಲೇ ಅರ್ಥವಾಯಿತು. ಇತಿಹಾಸವನ್ನು ಬೋಧಿಸುವ ನಾವು ಇದನ್ನು ಓದಿ ಸ್ವಲ್ಪ ನಾಚಿದ್ದುಂಟು.

1904ರಲ್ಲಿ ಡ್ಯೂಯಿಯವರು ಷಿಕಾಗೋವನ್ನು ಬಿಟ್ಟರು. 1918ರಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ ಬರೆದ ಪ್ರಬಂಧವೊಂದರಿಂದ 'ಯೋಜನಾಪದ್ಧತಿ' ಎಂಬ ಹೆಸರು ದೇಶದೇಶಗಳಲ್ಲಿ ಹರಡಿತು. ಹೆಸರಿನೊಡನೆ ಒಂದು ಭ್ರಾಂತಿಯೂ ಹರಡಿತು: ಮಕ್ಕಳನ್ನು ಅವರಿಚ್ಛೆಗೆ ಬಿಟ್ಟರೆ ಸಾಕು, ಉಪಾಧ್ಯಾಯರು ಸುಮ್ಮನಿರಬಹುದೆಂದು. 1938ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಡ್ಯೂಯಿಯವರೇ ಇಂತಹ ಅತಿರೇಕವನ್ನು ಖಂಡಿಸಿದರು.

ಅದು ನ್ಯಾಯವೆಂದೇ ನಮಗೆ ತೋರುತ್ತದೆ. ಹತ್ತಿಯ ಪಕ್ಕದಲ್ಲಿ ಉಣ್ಣೆಯನ್ನಿಟ್ಟವರು ಯಾರು? ಉಪಾಧ್ಯಾಯರು. ಅವೆರಡೂ ಜೊತೆಯಲ್ಲಿಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅರ್ಧ ಗಂಟೆಯ ಶ್ರಮವು ಬರಿಯ ಕಾಲಹರಣವಾಗುತ್ತಿತ್ತು. ಮಗುವಿನ ಕೈಗೆ ಕೆಲಸ ಕೊಡುವುದು ಸುಲಭ. ಆ ಕೆಲಸದೊಳಗೆ ಪ್ರಶ್ನೆಯೊಂದನ್ನು ಅಡಗಿಸಿಡುವುದು ಕಷ್ಟ. ಈ ಪದ್ಧತಿಯಲ್ಲಿ ಉಪಾಧ್ಯಾಯರ ಮಾತು ಕಡಮೆಯಾಗುತ್ತದೆ. ಅವರ ಹೊಣೆ ಕಡಮೆಯಾಗುವುದಿಲ್ಲ.

ಶ್ರೋತೃಗಳೇ, ಇಷ್ಟು ಹೊತ್ತು ನಾವು ಹೇಳಿದೆವು, ತಾವು ಕೇಳಿದಿರಿ. ಇದೂ ಆ ವರ್ತಕನ ಹಳೆಯ ಮೇಜಿನ ಪಾಠವೇ ಸರಿ. ನಾಳೆ ತಮ್ಮ ಮನೆಯ ಮಗುವಿಗೆ ಬೀಜ ಬಿಡಿಸದ ಒಂದು ಹಿಡಿ ಹತ್ತಿಯನ್ನು ಕೊಟ್ಟು ನೋಡಿರಿ. ಉಳಿದ ಉಪನ್ಯಾಸವನ್ನು ಆ ಮಗುವೇ ಮುಗಿಸೀತು.