ಕ್ಯಾಂಟನ್ನಿನ ಗೊಂದಲವೂ ಹಾಂಗ್‌ಕಾಂಗಿನ ಗವರ್ನರರೂ

ತರಕಾರಿ, ಮಾಂಸಗಳಿಂದ ಹಿಡಿದು ಬಂದರಿನ ಕೂಲಿಯಾಳುಗಳವರೆಗೆ ನೆರೆಯ ಗ್ವಾಂಗ್‌ಡಾಂಗ್ ಪ್ರಾಂತ್ಯವನ್ನೇ ನೆಚ್ಚಿಕೊಂಡಿದ್ದ ಬ್ರಿಟಿಷ್ ವಸಾಹತು ಹಾಂಗ್‌ಕಾಂಗಿಗೆ, ಆ ಪ್ರಾಂತ್ಯದ ರಾಜಧಾನಿ ಕ್ಯಾಂಟನ್ನಿನ ರಾಜಕೀಯ ಎಂದೂ ಪರರ ಮನೆಯ ಸಂಗತಿಯಾಗಿರಲಿಲ್ಲ. 1911ರ ಕ್ರಾಂತಿಯಲ್ಲಿ ಚಕ್ರಾಧಿಪತ್ಯ ಉರುಳಿದ ಮೇಲೆ ಆ ನಗರ, ಸ್ವಂತ ಪಡೆ ಕಟ್ಟಿಕೊಂಡು ಕಂದಾಯ ಎತ್ತುತ್ತಿದ್ದ, ನಮ್ಮ ಪಾಳೆಯಗಾರರನ್ನು ನೆನಪಿಸುವ ಸೇನಾನಾಯಕರ ಕೈಯಿಂದ ಕೈಗೆ ದಾಟುತ್ತಿತ್ತು. 1922ರಲ್ಲಿ ಅಂಥ ಸೇನಾನಾಯಕರಲ್ಲೊಬ್ಬನಾದ ಚೆನ್ ಜಿಯೊಂಗ್‌ಮಿಂಗನ ಪಡೆಯಿಂದಾಗಿ ನಗರ ಬಿಟ್ಟೋಡಿದ್ದ ಸನ್ ಯಾತ್‌ಸೆನ್, ಮರುವರ್ಷ ಹಿಂದಿರುಗಿ, ತಮ್ಮ ರಾಷ್ಟ್ರೀಯ ಪಕ್ಷವಾದ ಕುವೊಮಿಂಟಾಂಗನ್ನು ಸೋವಿಯತ್ ನೆರವಿನಿಂದ ಹೊಸದಾಗಿ ಕಟ್ಟತೊಡಗಿದರು.

1925ರ ಜೂನ್ 23ರಂದು ಕ್ಯಾಂಟನ್ನಿನಲ್ಲಿ ವಿದೇಶೀಯರು ನೆಲೆಸಿದ್ದ ಷಾಮೀನ್ ನಡುಗಡ್ಡೆಯ ಎದುರು ಸಾಗುತ್ತಿದ್ದ ವಿದೇಶೀ ವಿರೋಧಿ ಮೆರವಣಿಗೆಯ ಮೇಲೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಹಾರಿಸಿದ ಗುಂಡಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದಾಗ, ಹಾಂಗ್‌ಕಾಂಗಿನಲ್ಲಿ ಆಗಲೇ ಆರಂಭವಾಗಿದ್ದ ಕಾರ್ಮಿಕರ ಮುಷ್ಕರ ಬ್ರಿಟಿಷ್ ಸರಕಿನ ಬಹಿಷ್ಕಾರವಾಗಿ ಬೆಳೆದು, ಸುಮಾರು ಎರಡೂವರೆ ಲಕ್ಷ ಚೀನೀಯರು ಹಾಂಗ್‌ಕಾಂಗನ್ನು ತೊರೆದರು. ಬೀದಿಯಲ್ಲಿ ಕಸ ಕೊಳೆಯಿತು, ಗುಡ್ಡದ ಮೇಲಿನ ಬಂಗಲೆಗಳ ಒಲೆಯ ಮುಂದೆ ದೊರೆಸಾನಿಯರೇ ನಿಲ್ಲಬೇಕಾಯಿತು; ‘ಪರಿಮಳದ ಬಂದರು’ ಎಂಬರ್ಥದ ಹೆಸರಿನ ಊರನ್ನು ಚೀನೀಯರು ‘ನಾರುವ ಬಂದರು’ ಎಂದು ಹಂಗಿಸಿದರು.

ಗವರ್ನರ್ ರೆಜಿನಾಲ್ಡ್ ಸ್ಟಬ್ಸ್‌ರಿಗೆ ಇದೆಲ್ಲ ಬೊಲ್ಷೆವಿಕರ ಕೈವಾಡವಾಗಿಯೇ ಕಂಡಿತು. ಅವರ ನಂತರ ನವೆಂಬರಿನಲ್ಲಿ ಬಂದ ಸೆಸಿಲ್ ಕ್ಲೆಮೆಂಟಿ, ಕಾನ್ಪುರದಲ್ಲಿ ಹುಟ್ಟಿ, ಕ್ಯಾಂಟನೀಸ್ ಕಲಿತು, ಆ ಭಾಷೆಯ ಪ್ರೇಮಗೀತೆಗಳನ್ನು ಇಂಗ್ಲಿಷಿಗೆ ತಂದಿದ್ದ ವಿದ್ವಾಂಸರು. ಕ್ಯಾಂಟನ್ನಿನ ಬಂದರುಕಟ್ಟೆಯಲ್ಲಿ ಕಾವಲುದಳ ನಿಲ್ಲಿಸಿ ಸರಕು ಮುಟ್ಟುಗೋಲು ಹಾಕುತ್ತಿದ್ದ ಮುಷ್ಕರ ಸಮಿತಿ ಅವರ ಕಣ್ಣಿಗೆ ಸರ್ಕಾರದ ಹೆಗಲ ಮೇಲೆ ಕೂತ ಇನ್ನೊಂದು ಸರ್ಕಾರ; ನೌಕಾಬಲದಿಂದ ಅದನ್ನು ಮಣಿಸಬೇಕೆಂಬ ಅವರ ಒತ್ತಾಯಕ್ಕೆ ಲಂಡನ್ ಬಹುಕಾಲ ಕಿವಿಗೊಡಲಿಲ್ಲ. ಕ್ಲೆಮೆಂಟಿಯವರ ಅವಲೋಕನ ಪೂರ್ತಿ ತಪ್ಪಲ್ಲ: ಸಮಿತಿಗೆ ತನ್ನದೇ ನ್ಯಾಯಾಲಯವೂ ಇತ್ತು. ಆದರೆ ಹಾಡಿನ ಭಾಷೆ ಬಲ್ಲ ಅವರಿಗೆ ಕೂಲಿಯವನ ಸಿಟ್ಟಿನ ಭಾಷೆ ಅಷ್ಟಾಗಿ ತಿಳಿಯಲಿಲ್ಲ. ಅಸ್ಥಿರತೆಯ ಬೇರನ್ನು ಅವರು ಮಾಸ್ಕೋದಲ್ಲಿ ಹುಡುಕಿದಷ್ಟು ಹಾಂಗ್‌ಕಾಂಗಿನ ಹಟ್ಟಿಗಳಲ್ಲಿ ಹುಡುಕಲಿಲ್ಲ. 1926ರಲ್ಲಿ ಚೌ ಶೌಸನ್ ಎಂಬ ಮೊದಲ ಚೀನೀ ಸದಸ್ಯರನ್ನು ಕಾರ್ಯಕಾರಿ ಮಂಡಳಿಗೆ ತೆಗೆದುಕೊಂಡದ್ದು ಅವರ ಜಾಣ್ಮೆಯೇ, ಆದರೆ ಅದು ವರ್ತಕ ವರ್ಗಕ್ಕೆ ಸಂದ ಮನ್ನಣೆ.

1926ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆ ಕ್ಯಾಂಟನ್ನಿನ ಕಟ್ಟೆಗಳಿಂದ ಕಾವಲುದಳವನ್ನು ಚದುರಿಸಿತಾದರೂ, ಬಹಿಷ್ಕಾರವನ್ನು ಅಕ್ಟೋಬರ್ 10ರಂದು ಮುಗಿಸಲು ಮುಖ್ಯ ಕಾರಣ ಕುವೊಮಿಂಟಾಂಗಿನ ಸೇನಾಪತಿ ಚಿಯಾಂಗ್ ಕೈಷೆಕ್ ಉತ್ತರ ಚೀನಾದತ್ತ ಹೊರಡಿಸಿದ್ದ ದಂಡಯಾತ್ರೆ. ಮುಗಿಸುವಾಗಲೂ ಕ್ಯಾಂಟನ್ ಸರ್ಕಾರ ಆಮದು ಸರಕಿನ ಮೇಲೆ ಶೇಕಡಾ 2.5ರ, ವಿಲಾಸವಸ್ತುಗಳ ಮೇಲೆ ಶೇಕಡಾ 5ರ ಹೆಚ್ಚುವರಿ ಸುಂಕ ಹೇರಿತು. ಲಂಡನ್ ಅದನ್ನು ಬಲದಿಂದ ತಡೆಯಲು ಹೋಗಲಿಲ್ಲ.